ಸೋಮವ್ವ ಎರೆದರೆ ಕೂಸು ಮಲಗುತ್ತದೆ

ಕಂದಲಗಾಂವದಲ್ಲಿ ಕೂಸು ಹುಟ್ಟಿದರೆ ಸುದ್ದಿ ಮೊದಲು ಹೋಗುವುದು ಸೋಮವ್ವನಿಗೆ. ನೆಂಟರಿಷ್ಟರು, ಮೊಬೈಲಿನ ಫೋಟೊ, ಪೇಢೆ ಎಲ್ಲ ಆಮೇಲೆ. ಯಾಕೆಂದರೆ ಕೂಸಿಗೆ ಎರೆಯುವವಳು ಆಕೆ. ಮೂವತ್ತು ವರ್ಷಗಳಿಂದ ಈ ಊರಿನ ಕೂಸುಗಳೆಲ್ಲ ಆಕೆಯ ಕಾಲ ಮೇಲೆ ಮಲಗಿಯೇ ದೊಡ್ಡವಾಗಿವೆ. ನಮ್ಮ ತರುಣ ಸರಪಂಚನನ್ನೂ ಆಕೆ ಬತ್ತಲೆ ನೋಡಿದವಳೇ. ನಳದ ನೀರು ಬರದ ದಿನ ಪಂಚಾಯತಿ ಮುಂದೆ ನಿಂತು ಅದನ್ನು ನೆನಪಿಸಿಯೂ ಬರುತ್ತಾಳೆ.

ಬಚ್ಚಲಿನಲ್ಲಿ ಮಣೆ ಹಾಕಿಕೊಂಡು, ಸೀರೆಯನ್ನು ಮೊಣಕಾಲ ಮೇಲಕ್ಕೆ ಸರಿಸಿ, ಎರಡೂ ಕಾಲು ಉದ್ದಕ್ಕೆ ಚಾಚಿ ಕೂತಳೆಂದರೆ ಆಕೆಗೆ ಲೋಕದ ಗೊಡವೆ ಇಲ್ಲ. ಕೂಸನ್ನು ಕಾಲ ಮೇಲೆ ಬೋರಲು ಹಾಕಿ, ಕೊಬ್ಬರಿ ಎಣ್ಣೆ ತಿಕ್ಕಿ, ಕಡಲೆ ಹಿಟ್ಟು ಹಚ್ಚಿ, ಹಂಡೆಯ ನೀರನ್ನು ತಂಬಿಗೆ ತಂಬಿಗೆಯಾಗಿ ಧಾರೆ ಬಿಡುತ್ತಾಳೆ. ಕೂಸು ಮೊದಲು ಮನೆ ಹಾರಿ ಹೋಗುವಂತೆ ಅಳುತ್ತದೆ. ನಡುವೆ ಎಲ್ಲೋ ದನಿ ಇಳಿಯುತ್ತದೆ. ಕೊನೆಯ ತಂಬಿಗೆಗೆ ಸುಮ್ಮನಾಗುತ್ತದೆ. ಒರೆಸಿ, ಧೂಪದ ಹೊಗೆ ಹಿಡಿದು, ಕುಂಚಿಗೆ ಕಟ್ಟಿ ತೊಟ್ಟಿಲಿಗೆ ಹಾಕಿದರೆ ಮಧ್ಯಾಹ್ನದವರೆಗೆ ಮಿಸುಕುವುದಿಲ್ಲ. ಸೋಮವ್ವ ಎರೆದರೆ ಕೂಸು ಮಲಗುತ್ತದೆ ಎನ್ನುವುದು ಊರಿನ ಮಾತು. ನನ್ನ ಮಗ ಅಮೋಲ್ ಹುಟ್ಟಿದಾಗ ಊರ ನಾಯಿಗಳಿಗೂ ನಿದ್ದೆ ಕೊಡದಂತೆ ಅಳುತ್ತಿದ್ದ. ಅವನು ಆಕೆಯ ಕೈಯಲ್ಲಿ ತೆಪ್ಪಗಾದದ್ದನ್ನು ಕಂಡು ನಾನು ಆಕೆಯ ಕಾಲಿಗೆ ಬೀಳುವುದೊಂದು ಬಾಕಿ ಇತ್ತು.

ನಾನು ಪೂನಮ. ತವರು ಅಕ್ಕಲಕೋಟೆ, ನಮ್ಮಪ್ಪನದು ಅಲ್ಲಿ ಬಟ್ಟೆ ಅಂಗಡಿ. ಕಾಂತೇಶನನ್ನು ಮದುವೆಯಾಗಿ ಈ ಊರಿಗೆ ಬಂದೆ. ಅವನು ಟೆಂಪೊದಲ್ಲಿ ಸೊಲ್ಲಾಪುರದ ಮಗ್ಗದ ಕಾರ್ಖಾನೆಗಳಿಂದ ಚಿಂಚೋಳಿಯ ಎಂಐಡಿಸಿ ಕೈಗಾರಿಕಾ ವಸಾಹತಿನ ಗೋದಾಮುಗಳಿಗೆ ಟವೆಲಿನ ಗಂಟು ಸಾಗಿಸುತ್ತಾನೆ, ನಾನು ಮನೆಯಲ್ಲಿ ಬ್ಲೌಸ್ ಹೊಲಿಯುತ್ತೇನೆ. ನಾನು ಕಾಕು ಎಂದು ಕರೆಯುವ ಸೋಮವ್ವನ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಆ ಗೋಡೆಯ ಆಚೆ ನಡೆಯುವ ಜಗಳ, ಸಂಧಾನ ಎಲ್ಲ ನನ್ನ ಹೊಲಿಗೆ ಯಂತ್ರ ನಿಂತಾಗ ಕೇಳಿಸುತ್ತದೆ. ಕೇಳಬೇಕೆಂದಾಗ ನಾನೇ ನಿಲ್ಲಿಸುತ್ತೇನೆ, ಸುಳ್ಳೇಕೆ.

ಸೋಮವ್ವನ ಗಂಡ ಗೊಲ್ಲಾಳಪ್ಪ ಕುರಿಗಾರ. ರವಿವಾರ ಬೀರೋಬನ ಗುಡಿಯ ಪೂಜೆಯೂ ಅವನದೇ. ಮಾತು ಕಡಿಮೆ, ಹೆಂಡತಿ ಇಬ್ಬರ ಪಾಲನ್ನೂ ಆಡಿಬಿಡುತ್ತಾಳೆ. ಒಬ್ಬನೇ ಮಗ ಆಕಾಶ ಎಂಐಡಿಸಿಯ ಒಂದು ಕಾರ್ಖಾನೆಯಲ್ಲಿ ಪಾಳಿಯ ಕೆಲಸಕ್ಕೆ ಹೋಗುತ್ತಾನೆ. ಆಕಾಶನಿಗಿಂತ ಮೊದಲು ಸೋಮವ್ವ ಮೂರು ಹೆತ್ತಿದ್ದಳು. ಆಗ ಅವರು ಕುರಿ ಹಿಂದೆ ಊರೂರು ಅಲೆಯುತ್ತಿದ್ದರು. ಮೂರೂ ಬಯಲಿನಲ್ಲಿ, ದಿನ ತುಂಬುವ ಮೊದಲೇ ಹುಟ್ಟಿದವು, ಮೂರೂ ಅಂಗೈಯಷ್ಟೇ ಇದ್ದವು, ಒಂದೂ ಹೆಸರಿಡುವ ತನಕ ಉಳಿಯಲಿಲ್ಲ. ಆ ಮಾತು ಬಂದಾಗ ಆಕೆ ಅಳುವುದಿಲ್ಲ. ಸಟವಿ ಅಷ್ಟೇ ಬರೆದಿದ್ದಳು ಎಂದು ಜೋಳ ಹಸನು ಮಾಡುವ ಕೈ ನಿಲ್ಲಿಸದೆ ಹೇಳುತ್ತಾಳೆ. ಕೂಸು ಹುಟ್ಟಿದ ಐದನೆಯ ದಿನ ಸಂಜೆ ಸಟವಿ ತಾಯಿ ಮನೆಗೆ ಬಂದು ಹಣೆಬರಹ ಬರೆದು ಹೋಗುತ್ತಾಳೆ ಎಂಬುದು ಈ ಕಡೆಯ ನಂಬಿಕೆ. ಆಯುಷ್ಯ, ಮದುವೆ, ಅನ್ನ, ನೀರು ಎಲ್ಲ ಅವತ್ತೇ ಬರೆದು ಮುಗಿಯುತ್ತದೆ. ಸೋಮವ್ವ ಮೂವತ್ತು ವರ್ಷ ಆ ನಂಬಿಕೆಯ ಮೇಲೆ ತಲೆ ಇಟ್ಟು ಮಲಗಿದ್ದಾಳೆ.

ಆಕಾಶನ ಹೆಂಡತಿ ಮನೀಷಾ ಅಕ್ಕಲಕೋಟೆ ತಾಲೂಕಿನ ಹುಡುಗಿ, ನನ್ನ ತವರಿನ ಕಡೆಯವಳು. ಹದಿನೆಂಟು ಮುಗಿಯುತ್ತಲೇ ಮದುವೆ, ವರ್ಷದೊಳಗೆ ಬಸುರು. ಬಸುರಿ ಹೊಟ್ಟೆ ತುಂಬ ಉಂಡರೆ ಕೂಸಿಗೆ ಜಾಗ ಎಲ್ಲಿ ಎಂದು ಸೋಮವ್ವ ಅವಳ ತಾಟಿನಲ್ಲಿ ಜೋಳದ ಭಕ್ಕರಿ ಅರ್ಧ ಮುರಿದು ಹಾಕುತ್ತಿದ್ದಳು. ಅಂಗನವಾಡಿಯಲ್ಲಿ ಕೊಟ್ಟ ರಕ್ತ ಹೆಚ್ಚಿಸುವ ಗುಳಿಗೆ ತಿಂದರೆ ಕೂಸು ಕಪ್ಪಾಗುತ್ತದೆ ಎಂದು ಆಕೆ ಅಂದದ್ದಕ್ಕೆ ಆ ಗುಳಿಗೆಗಳು ಗೋಡೆಯ ಗೂಡಿನಲ್ಲೇ ಉಳಿದವು. ನಾನು ಒಂದೆರಡು ಸಲ ಬಾಯಿ ಹಾಕಿದೆ. ನಿನ್ನ ಇಬ್ಬರು ಮಕ್ಕಳನ್ನೂ ಎರೆದು ಬೆಳೆಸಿದವಳಿಗೆ ಬುದ್ಧಿ ಹೇಳಲು ಬಂದೆಯಾ ಎಂದು ಬೈಸಿಕೊಂಡೆ. ಅದು ಕೆಟ್ಟ ಮನಸ್ಸಿನಿಂದ ಆಡಿದ್ದಲ್ಲ ಎಂಬುದೇ ನನಗೆ ಹೆಚ್ಚು ಸಿಟ್ಟು ತರಿಸುವ ಸಂಗತಿ. ಆಕೆಗೆ ಸೊಸೆಯ ಮೇಲೆ ಜೀವ. ಬಾಣಂತಿಗೆಂದು ಅಳವಿ ಬೀಜ, ಖಾರೀಕಿನ ಒಣ ಖರ್ಜೂರ ಆಗಲೇ ಡಬ್ಬಿ ತುಂಬಿಸಿಟ್ಟಿದ್ದಳು.

ಜನವರಿಯ ಚಳಿಯಲ್ಲಿ, ತವರಿಗೆ ಕಳಿಸುವ ಮೊದಲೇ, ಮನೀಷಾಳಿಗೆ ಬೇನೆ ಶುರುವಾಯಿತು. ಸೊಲ್ಲಾಪುರದ ಆಸ್ಪತ್ರೆಯಲ್ಲಿ ಹೆಣ್ಣು ಕೂಸು ಹುಟ್ಟಿತು, ಎರಡು ಕಿಲೋ ಕೂಡ ಇರಲಿಲ್ಲ. ಅಲ್ಲಿಯ ಸಿಸ್ಟರ್ ಮನೀಷಾಳ ಬ್ಲೌಸ್ ಬಿಚ್ಚಿಸಿ ಕೂಸನ್ನು ಬರೀ ಮೈಯಲ್ಲಿ ಅವಳ ಎದೆಗೆ ಹಚ್ಚಿ ಮೇಲೆ ಬಟ್ಟೆ ಕಟ್ಟಿ ತೋರಿಸಿದ್ದರು. ಹೀಗೆಯೇ ಇರಬೇಕು, ತಲೆಗೆ ಟೊಪ್ಪಿಗೆ ಬೇಕು, ತೂಕ ಏರುವ ತನಕ ನೀರು ಹಾಕಬಾರದು, ಪಾದ ಮುಟ್ಟಿ ನೋಡುತ್ತಿರಬೇಕು, ಪಾದ ತಣ್ಣಗಾಗಿ ಕೂಸು ಮೊಲೆ ಬಿಟ್ಟು ಮಂಕಾದರೆ ಒಂದು ಗಳಿಗೆಯೂ ತಡೆಯದೆ ತರಬೇಕು ಎಂದು ಹೇಳಿದ್ದರು. ಮನೀಷಾ ಹತ್ತನೆಯವರೆಗೆ ಮರಾಠಿ ಸಾಲೆ ಕಲಿತವಳು. ಒಂದೊಂದು ಮಾತನ್ನೂ ನೆನಪಿನಲ್ಲಿ ಇಟ್ಟುಕೊಂಡಳು.

ಡಾಕ್ಟರರು ಇನ್ನೂ ಕೆಲವು ದಿನ ಇರಿ ಎಂದರು. ಇರುವುದು ಹೇಗೆ? ಐದನೆಯ ದಿನ ಬಂತಲ್ಲ. ಸಟವಿ ಆಸ್ಪತ್ರೆಯ ವಾರ್ಡು ಹುಡುಕಿಕೊಂಡು ಬರುತ್ತಾಳೆಯೇ? ಮನೀಷಾಳ ತಾಯಿ ಗಿರಿಜಾಬಾಯಿ ಅಕ್ಕಲಕೋಟೆಯಿಂದ ಹೊಸ ಕುಂಚಿಗೆ, ಖಣ, ತೆಂಗಿನಕಾಯಿ ಹೊತ್ತು ನೇರ ಆಸ್ಪತ್ರೆಗೇ ಬಂದಿಳಿದಳು. ಬೀಗತಿಯರಿಬ್ಬರೂ ಸೇರಿ ಡಾಕ್ಟರರ ಮಾತನ್ನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟು, ಆಕಾಶನಿಂದ ಸಹಿ ಮಾಡಿಸಿ, ಬಾಣಂತಿಯನ್ನು ಆಟೋದಲ್ಲಿ ಕೂಡಿಸಿಕೊಂಡು ಊರಿಗೆ ಬಂದುಬಿಟ್ಟರು. ಆಕಾಶ ಅಲ್ಲಿಂದಲೇ ಪಾಳಿಗೆ ಹೋದ.

ಆ ಸಂಜೆ ನಾನು ಹೊಸ ಲಂಗೋಟಿ ಹೊಲಿದುಕೊಂಡು ಹೋದಾಗ ಪೂಜೆಯ ತಯಾರಿ ನಡೆದಿತ್ತು. ಮೂಲೆಯಲ್ಲಿ ರುಬ್ಬುಗುಂಡು ನಿಲ್ಲಿಸಿ ಅರಿಸಿನ ಹಚ್ಚಿದ್ದರು, ಅದೇ ಸಟವಿ. ಪಕ್ಕದಲ್ಲಿ ತಾಯಿಗೆ ಬರೆಯಲು ಒಂದು ಪೆನ್ನು ಇಟ್ಟಿದ್ದರು, ಆ ಮನೆಯ ಹಿರಿಯರಲ್ಲಿ ಅದನ್ನು ಹಿಡಿಯಬಲ್ಲವರು ಯಾರೂ ಇರಲಿಲ್ಲ. ಮನೀಷಾ ಹೊರಸಿನ ಮೇಲೆ ಗೋಡೆಗೆ ಒರಗಿ ಕೂತಿದ್ದಳು. ತುಟಿಗೆ ರಕ್ತವೇ ಇರಲಿಲ್ಲ. ಸೀರೆಯ ಸೆರಗಿನೊಳಗೆ, ಎದೆಯ ಮೇಲೆ, ಕೂಸು ಇತ್ತು. ಅದರ ಟೊಪ್ಪಿಗೆ ಮಾತ್ರ ಹೊರಗೆ ಕಾಣುತ್ತಿತ್ತು.

ಸೋಮವ್ವನಿಗೆ ಅದು ಕಣ್ಣಿಗೆ ಕಸವಾಗಿತ್ತು. ಹುಟ್ಟಿದಾಗಿನ ಜಿಡ್ಡು ಇನ್ನೂ ಮೈಮೇಲಿದೆ, ವಾಸನೆ ಹೊಡೆಯುತ್ತಿದೆ, ಎರೆಯದ ಕೂಸಿನ ಹಣೆ ಸಟವಿ ಮುಟ್ಟುವುದಿಲ್ಲ ಎಂದಳು. ಗಿರಿಜಾಬಾಯಿ ಹೌದೌದು ಎಂದಳು. ಮನೀಷಾ ಸಿಸ್ಟರ್ ಹೇಳಿದ್ದನ್ನು ಮೆಲ್ಲಗೆ ಹೇಳಿದಳು. ಒಂದು ಕಡೆ ಅತ್ತೆ, ಒಂದು ಕಡೆ ಹೆತ್ತ ತಾಯಿ. ಸಿಸ್ಟರ್ ಎಷ್ಟು ಮಕ್ಕಳನ್ನು ಹೆತ್ತಿದ್ದಾಳಂತೆ ಎಂದು ಸೋಮವ್ವ ಕೇಳಿದಳು. ನಾನು, ಒಂದು ದಿನ ಬಿಟ್ಟು ನೋಡಿದರೆ ಏನಾಗುತ್ತದೆ ಕಾಕು ಎಂದೆ. ಸೋಮವ್ವ ನನ್ನತ್ತ ತಿರುಗಿಯೂ ನೋಡಲಿಲ್ಲ. ಹುಡುಗಿ ಸೆರಗು ಸರಿಸಿ ಕೂಸನ್ನು ಕೊಟ್ಟಳು. 

ಬಚ್ಚಲಿನ ಬಾಗಿಲಿಗೆ ಗೋಣಿತಟ್ಟು ಅಷ್ಟೇ ಇತ್ತು, ಸಂದಿಯಲ್ಲಿ ಗಾಳಿ ಒಳಗೆ ನುಗ್ಗುತ್ತಿತ್ತು. ಸೋಮವ್ವ ಕಾಲು ಚಾಚಿ ಕೂತಳು. ಆ ಕಾಲ ಮೇಲೆ ಎಷ್ಟೋ ಕೂಸು ನೋಡಿದ್ದೇನೆ, ಇಷ್ಟು ಸಣ್ಣದನ್ನು ನೋಡಿರಲಿಲ್ಲ. ತಿಕ್ಕಲು ಮೈಯೇ ಇರಲಿಲ್ಲ. ಆದರೂ ಆಕೆಯ ಕೈ ತನ್ನ ಕೆಲಸ ಮರೆಯಲಿಲ್ಲ: ಎಣ್ಣೆ, ಹಿಟ್ಟು, ಧಾರೆ. ನೀರು ಬಿಸಿಯೇ ಇತ್ತು, ಆದರೆ ಮೈಮೇಲಿಂದ ಇಳಿಯುವಷ್ಟರಲ್ಲಿ ಗಾಳಿ ಅದನ್ನು ಆರಿಸಿಬಿಡುತ್ತಿತ್ತು. ಕೂಸು ಬೆಕ್ಕಿನ ಮರಿಯಂತೆ ಸಣ್ಣಗೆ ಅತ್ತಿತು. ಆಮೇಲೆ ಅದೂ ಇಳಿಯಿತು. ಸೋಮವ್ವ ಒಂದು ತಂಬಿಗೆ ಹಾಕಿದಳು, ಇನ್ನೊಂದು ಹಾಕಿದಳು. ದನಿ ನಿಂತಿತು.

ಗಿರಿಜಾಬಾಯಿ ನನಗೆ ಮೊಣಕೈಯಿಂದ ತಿವಿದಳು. ನೋಡಿದೆಯಾ, ಕೈಗುಣ ಎಂದರೆ ಇದು, ಆಗಲೇ ಮಲಗಿತು ಎಂದಳು. ಸೋಮವ್ವನ ಮುಖದಲ್ಲಿಯೂ ಒಂದು ಸಣ್ಣ ಹೆಮ್ಮೆ ಬಂದಿತ್ತು.

ಹೊರಸಿನಿಂದ ಇಳಿಯಬಾರದ ಬಾಣಂತಿ ಗೋಡೆ ಹಿಡಿದು ಬಚ್ಚಲಿನ ಬಾಗಿಲಿಗೆ ಬಂದು ನಿಂತಿದ್ದಳು.

"ಅತ್ತಿ, ಅದು ಮಲಗಿಲ್ಲರಿ," ಎಂದಳು. "ಪಾದ ಮುಟ್ಟಿ ನೋಡ್ರಿ."

ಹುಚ್ಚಿ, ಚಳಿಯಲ್ಲಿ ಯಾಕೆ ಎದ್ದು ಬಂದೆ ಎಂದು ಗಿರಿಜಾಬಾಯಿ ಮಗಳನ್ನು ಗದರಿದಳು. ಮನೀಷಾ ಅಲುಗಲಿಲ್ಲ. ಪಾದ ಮುಟ್ಟಿ ನೋಡ್ರಿ ಎಂದು ಮತ್ತೆ ಅಂದಳು. ಸೋಮವ್ವ ತಂಬಿಗೆ ಕೆಳಗಿಟ್ಟು, ಸೊಸೆಯ ಬಾಯಿ ಮುಚ್ಚಿಸುವುದಕ್ಕೆಂದೇ, ಎರಡು ಬೆರಳಲ್ಲಿ ಕೂಸಿನ ಪಾದ ಹಿಡಿದಳು.

ಹಿಡಿದವಳು ಬಿಡಲಿಲ್ಲ. ಆಕೆಯ ಮುಖದ ಮೇಲಿದ್ದದ್ದೆಲ್ಲ ಇಳಿದುಹೋಯಿತು. ಕೂಸಿನ ಅಂಗೈ ತಟ್ಟಿದಳು, ಅದು ಬೆರಳು ಮುಚ್ಚಲಿಲ್ಲ. ಗಲ್ಲ ಚಿವುಟಿದಳು, ಬಾಯಿ ತೆರೆಯಲಿಲ್ಲ. ಎದೆ ಮಾತ್ರ ಇಷ್ಟಿಷ್ಟೇ ಏರಿಳಿಯುತ್ತಿತ್ತು. ತುಟಿಯ ಸುತ್ತ ನೀಲಿ ಬಂದಿತ್ತು. 

ಮುಂದಿನದನ್ನು ಆಕೆ ಯೋಚಿಸಿ ಮಾಡಲಿಲ್ಲ, ಆಕೆಯ ಕೈಗಳೇ ಮಾಡಿದವು. ನಾನು ತಂದು ಹೆಗಲ ಮೇಲೆ ಹಾಕಿಕೊಂಡಿದ್ದ ಹೊಸ ಲಂಗೋಟಿಗಳನ್ನು ಎಳೆದುಕೊಂಡು ಕೂಸಿನ ತಲೆ, ಕಂಕುಳು, ತೊಡೆಯ ಸಂದಿ ಎಲ್ಲ ಹನಿಯಿಲ್ಲದಂತೆ ತಿಕ್ಕಿ ಒರೆಸಿದಳು. ಚಳಿಗೆ ಹುಟ್ಟಿದ ಕುರಿಮರಿಯನ್ನು ಆಕೆ ಹಾಗೇ ಒರೆಸುತ್ತಾಳೆ. ಮರಿಗೆ ಎಂದೂ ನೀರು ಹಾಕಿದವಳಲ್ಲ. ಒರೆಸಿ, ಬೆಚ್ಚಗೆ ಎದೆಗವಚಿಕೊಂಡು, ತಾಯಿಯ ಮೊಲೆಗೆ ಹಚ್ಚಿ ಉಳಿಸಿಕೊಂಡವಳು. ಮರಿಯ ವಿಷಯದಲ್ಲಿ ಆಕೆಗೆ ಗೊತ್ತಿದ್ದದ್ದು ಕೂಸಿನ ವಿಷಯದಲ್ಲಿ ಯಾಕೆ ಹೊಳೆಯಲಿಲ್ಲ ಎಂದು ನನಗೆ ಇವತ್ತಿಗೂ ಸಿಟ್ಟಿದೆ. ಸೋಮವ್ವ ಕೂಸನ್ನು ತನ್ನ ಎದೆಗೆ ಹಚ್ಚಿಕೊಳ್ಳಲು ಹೋದಳು, ಆದರೆ ಸೀರೆ, ಬ್ಲೌಸ್ ಎಲ್ಲ ಒದ್ದೆ. ಮನೀಷಾ ಆಗಲೇ ಬ್ಲೌಸಿನ ಗುಂಡಿ ಬಿಚ್ಚಿ ಎರಡೂ ಕೈ ಚಾಚಿದ್ದಳು. ಸೋಮವ್ವ ಕೂಸನ್ನು ಅವಳಿಗೆ ಕೊಟ್ಟಳು.

ನಾನು ಓಡಿ ಹೋಗಿ ಕಾಂತೇಶನನ್ನು ಎಬ್ಬಿಸಿದೆ. ಮಾಲು ತುಂಬಿದ ಟೆಂಪೊ ಬಾಗಿಲಲ್ಲೇ ನಿಂತಿತ್ತು. ಅಂಬುಲೆನ್ಸಿಗೆ ಫೋನು ಮಾಡಿ ಕಾಯುತ್ತ ಕೂಡುವುದಕ್ಕಿಂತ ನಾವೇ ಒಯ್ಯುವುದು ಬೇಗ ಎಂದ. ನಾನು ತಿರುಗಿ ಬಂದರೆ ಗಿರಿಜಾಬಾಯಿ ಹೊಸ್ತಿಲ ಮೇಲೆ ಅಡ್ಡ ನಿಂತಿದ್ದಳು. ಆಕೆಯೂ ಅಳುತ್ತಿದ್ದಳು. ಇವತ್ತೊಂದು ಸಂಜೆ ಕೂಸು ಹೊಸ್ತಿಲು ದಾಟಬಾರದು, ಸಟವಿ ಬಂದಾಗ ಕೂಸು ಇಲ್ಲದಿದ್ದರೆ ಆಯುಷ್ಯ ಬರೆಯದೆ ಹೋಗುತ್ತಾಳೆ, ಬೀರೋಬನ ಭಂಡಾರದ ಅರಿಸಿನ ಹಣೆಗೆ ಹಚ್ಚೋಣ, ಕೆಂಡದ ಕಾವು ಕೊಡೋಣ, ದೀಪ ಹಚ್ಚಿ ಪೂಜೆ ಒಂದು ಮುಗಿಯಲಿ, ಆಮೇಲೆ ಎಲ್ಲಿಗೆ ಬೇಕಾದರೂ ಒಯ್ಯಿರಿ ಎಂದು ಕೈ ಮುಗಿಯುತ್ತಿದ್ದಳು. ಮನೀಷಾ ಎದೆಯ ಮೇಲೆ ಕೈಯಿಟ್ಟುಕೊಂಡು ತಾಯಿಯ ಮುಂದೆ ನಿಂತಿದ್ದಳು. ಅವಳಿಗೆ ತಳ್ಳಿಕೊಂಡು ಹೋಗುವ ಶಕ್ತಿಯಿರಲಿಲ್ಲ. ಕೂಸಿಗೆ ಕಾಯುವ ಶಕ್ತಿಯಿರಲಿಲ್ಲ.

ಸೋಮವ್ವ ಒದ್ದೆ ಸೀರೆಯಲ್ಲೇ ಬಂದು ಬೀಗತಿಯ ತೋಳು ಹಿಡಿದಳು.

"ಮೂರಕ್ಕ ಬರಿಸೀನಿ ನಾ, ಗಿರಿಜಾಬಾಯಿ," ಎಂದಳು. "ಎರದು, ದೀಪಾ ಹಚ್ಚಿ, ಬಿಡಾರಾ ಬಿಟ್ಟು ಕದಲಿಸಲಾರದಂಗ ಮೂರಕ್ಕೂ ಬರಿಸೀನಿ. ಏನ್ ಬರದ್ಲು? ಸರಿ ನೀ."

ಗಿರಿಜಾಬಾಯಿ ಸರಿದಳು.

ಅಂಗಳದಲ್ಲಿ ಗೊಲ್ಲಾಳಪ್ಪ ನಿಂತಿದ್ದ. ಗುಡಿಯ ಪೂಜೆಯವನಾದ್ದರಿಂದ ಪುರುಡಿನ ಮನೆಯ ಒಳಗೆ ಕಾಲಿಡದೆ ಅವನು ಕುರಿ ದಡ್ಡಿಯಲ್ಲೇ ಮಲಗುತ್ತಿದ್ದ. ಬಾಣಂತಿಯ ನೆರಳೂ ಸೋಕಬಾರದೆಂದು ಹಾದಿ ಬಿಟ್ಟು ನಡೆಯುವವನು, ಈಗ ನೇರ ಬಂದು ತನ್ನ ಮೈಮೇಲಿನ ಕಂಬಳಿ ತೆಗೆದು ಸೊಸೆಯ ಹೆಗಲ ಸುತ್ತ ಹೊದಿಸಿದ.  ಸೊಸೆಯನ್ನು ಟೆಂಪೊಗೆ ಹತ್ತಿಸಲು ಕೈ ಕೊಟ್ಟ.

ಗಿರಿಜಾಬಾಯಿ ಮನೆಯಲ್ಲೇ ಉಳಿದಳು; ಮನೀಷಾ, ಸೋಮವ್ವ, ನಾನು ಮೂವರು ಹಿಂದೆ, ಟವೆಲಿನ ಗಂಟುಗಳ ನಡುವೆ ಕೂತೆವು. ಮೇಲೆ ತಾಡಪತ್ರಿ ಎಳೆದುಕೊಂಡೆವು. ನಾನು ಒಂದು ಗಂಟು ಹರಿದು, ಹೊಸ ಟವೆಲು ತೆಗೆದು ಮನೀಷಾಳ ಬೆನ್ನಿಗೆ, ಕಾಲಿಗೆ ಸುತ್ತಿದೆ. ಸೋಮವ್ವನ ಮೇಲೂ ನಾಲ್ಕು ಹೊದಿಸಿದೆ, ಆಕೆಗೆ ಅದರ ಅರಿವೇ ಇರಲಿಲ್ಲ. ಕಂಬಳಿಯೊಳಗೆ ಕೈ ತೂರಿಸಿ ಕೂಸಿನ ಪಾದವನ್ನು ಮುಷ್ಟಿಯಲ್ಲಿ ಹಿಡಿದು ಕೂತಿದ್ದಳು.

ಹೆದ್ದಾರಿಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳ ಸಾಲು ಇತ್ತು. ಒಂದೊಂದಕ್ಕೂ ಎರಡೆರಡು ಟ್ರಾಲಿ. ಕಾಂತೇಶ ಹಾರ್ನು ಒತ್ತಿದ್ದೇ ಒತ್ತಿದ್ದು, ಟ್ರ್ಯಾಕ್ಟರಿನವರ ಹಾಡಿನ ಅಬ್ಬರದಲ್ಲಿ ಯಾರಿಗೆ ಕೇಳಬೇಕು. ಟೆಂಪೊ ನಿಧಾನವಾದಾಗಲೆಲ್ಲ ಸೋಮವ್ವ, ಉಸಿರಿದೆಯಾ ಎಂದು ಕೇಳುತ್ತಿದ್ದಳು. ಮನೀಷಾ ಕಣ್ಣು ಮುಚ್ಚಿ, ಎದೆಯ ಮೇಲೆ ಗಮನವಿಟ್ಟು, ಇದೆ ಎನ್ನುತ್ತಿದ್ದಳು. ಒಂದು ಸಲ ಕೇಳಿದಾಗ ಅವಳು ತಕ್ಷಣ ಉತ್ತರ ಕೊಡಲಿಲ್ಲ.  ಸೋಮವ್ವ ಬೀರೋಬನ ಹೆಸರೂ ಹೇಳಲಿಲ್ಲ, ಸಟವಿಯ ಹೆಸರೂ ಹೇಳಲಿಲ್ಲ, ಬರೀ ಸೊಸೆಯ ಬಾಯಿ ನೋಡುತ್ತಿದ್ದಳು. ಅದೆಷ್ಟು ಹೊತ್ತಿನ ಮೇಲೋ ಹುಡುಗಿ, ಇದೆ ಎಂದಳು.

ಸೊಲ್ಲಾಪುರ ಹತ್ತಿರವಾದಂತೆ ಸೋಮವ್ವ ತನ್ನಷ್ಟಕ್ಕೇ ಮಾತಾಡತೊಡಗಿದಳು. ತಾನು ಹೆತ್ತ ಮೊದಲನೆಯ ಕೂಸಿಗೆ ಒಂದು ಬೇವಿನ ಮರದ ಕೆಳಗೆ ಎರೆದಿದ್ದಳಂತೆ. ಎರಡನೆಯದಕ್ಕೆ ಯಾರದೋ ಹೊಲದ ಬದುವಿನಲ್ಲಿ. ಮೂರೂ ಹೀಗೇ ಸುಮ್ಮನಾಗಿದ್ದವಂತೆ. ಚೆನ್ನಾಗಿ ಮಲಗಿವೆ, ಎಬ್ಬಿಸಬಾರದೆಂದು ಆಕೆ ಭಕ್ಕರಿ ಬಡಿಯಲು ಕೂತಿದ್ದಳಂತೆ. ಇಷ್ಟು ವರ್ಷ ನೆರೆಯಲ್ಲಿದ್ದು ಈ ಮಾತು ನಾನು ಕೇಳಿರಲಿಲ್ಲ. ಆಕೆಯೂ ಇದನ್ನು ಹೀಗೆ ಕೇಳಿಸಿಕೊಳ್ಳುತ್ತಿರುವುದು ಇದೇ ಮೊದಲು ಎನಿಸಿತು. ಸುಮ್ಮನಿರು ಕಾಕು ಎಂದೆ. 

ಆಸ್ಪತ್ರೆಯಲ್ಲಿ ಅದೇ ಸಿಸ್ಟರ್ ಇದ್ದರು. ಕಂಬಳಿ ತೆರೆದು ಕೂಸನ್ನು ಎತ್ತಿಕೊಂಡು ಒಳಗೆ ಓಡಿದರು. ಕೂಸಿನ ಮೈ ಇರಬೇಕಾದದ್ದಕ್ಕಿಂತ ಎಷ್ಟೋ ತಣ್ಣಗಿತ್ತು, ರಕ್ತದಲ್ಲಿ ಸಕ್ಕರೆ ಇಳಿದುಹೋಗಿತ್ತು. ಕಾವು ಕೊಡುವ ದೀಪದ ಕೆಳಗೆ ಮಲಗಿಸಿ ಸೂಜಿ, ನಳಿಗೆ ಹಾಕಿದರು. ಚಿಕ್ಕ ವಯಸ್ಸಿನ ಡಾಕ್ಟರಮ್ಮ ಹೊರಗೆ ಬಂದು, ಯಾರು ಸ್ನಾನ ಮಾಡಿಸಿದ್ದು ಎಂದು ಮರಾಠಿಯಲ್ಲಿ ಕೇಳಿದರು. ನಾನು ಏನಾದರೂ ಸುಳ್ಳು ಹೊಂದಿಸುವಷ್ಟರಲ್ಲಿ ಸೋಮವ್ವ, ನಾನು ಎಂದಳು. ಡಾಕ್ಟರಮ್ಮ ಬೈಯಲು ಬಾಯಿ ತೆರೆದವರು ಆಕೆಯ ಮುಖ ನೋಡಿ ದನಿ ಇಳಿಸಿದರು. ಎದೆಗೆ ಹಚ್ಚಿಕೊಂಡು ತಂದದ್ದಕ್ಕೆ ಇಲ್ಲಿಯವರೆಗೆ ಜೀವ ಬಂದಿದೆ, ಮುಂದಿನದು ಈಗಲೇ ಹೇಳಲಾಗದು ಎಂದರು.

ಮರುದಿನ ಬೆಳಿಗ್ಗೆ ಕೂಸು ಕೈಕಾಲು ಆಡಿಸಿತು. ನಳಿಗೆಯಲ್ಲಿ ಹಾಕಿದ ತಾಯಿ ಹಾಲನ್ನು ಕಕ್ಕಲಿಲ್ಲ. ಮಧ್ಯಾಹ್ನಕ್ಕೆ ಮೈ ಬೆಚ್ಚಗೆ ನಿಂತಿತು. ಗಂಡಾಂತರ ಕಳೆಯಿತು, ಇನ್ನು ಎದೆಯ ಕಾವಿನಲ್ಲೇ ಇಡಬೇಕು ಎಂದು ಡಾಕ್ಟರಮ್ಮ ಹೇಳಿದರು. ಆದರೆ ಎದ್ದು ನಿಂತ ಮನೀಷಾ ಕಣ್ಣಿಗೆ ಕತ್ತಲೆ ಬಂದು ಕುಸಿದಳು. ಅವಳಿಗೆ ರಕ್ತ ಹಾಕಬೇಕಾಗಿತ್ತು. ಸುದ್ದಿ ತಿಳಿದು ಪಾಳಿಯಿಂದ ನೇರ ಬಂದಿದ್ದ ಆಕಾಶ ರಕ್ತ ತರಲು ಓಡಿದ್ದ. ಸಿಸ್ಟರ್ ಕೂಸನ್ನು ಹಿಡಿದುಕೊಂಡು, ಇದನ್ನು ಯಾರು ಎದೆಗೆ ಹಚ್ಚಿಕೊಳ್ಳುತ್ತೀರಿ ಎಂದು ಕೇಳಿದರು.

ನಾನು ಮುಂದೆ ಬಂದೆ. ಸೋಮವ್ವ ಎರಡು ಹೆಜ್ಜೆ ಹಿಂದಕ್ಕೆ ಸರಿದು, ಕೈಯೆರಡನ್ನೂ ಸೆರಗಿನಲ್ಲಿ ಮುಚ್ಚಿಕೊಂಡು ಗೋಡೆಗೆ ಆತು ನಿಂತಿದ್ದಳು. ತಾನು ಮುಟ್ಟುವುದಿಲ್ಲ ಎಂದಳು.

ಮಂಚದ ಮೇಲೆ ಮಲಗಿದ್ದ ಮನೀಷಾ ತಲೆ ಎತ್ತಿದಳು.

"ಅತ್ತಿಗೇ ಕೊಡ್ರಿ, ಸಿಸ್ಟರ್," ಎಂದಳು.

ಸೋಮವ್ವ ಸೊಸೆಯನ್ನು ನೋಡಿದಳು. ಸೊಸೆ ಕಣ್ಣು ತಪ್ಪಿಸಲಿಲ್ಲ. ಸಿಸ್ಟರ್ ಆಕೆಯನ್ನು ಕುರ್ಚಿಯ ಮೇಲೆ ಒರಗಿಸಿ ಕೂಡಿಸಿ, ಕೂಸನ್ನು ಎದೆಯ ನಡುವೆ ಕಪ್ಪೆಯಂತೆ ಬೋರಲು ಇಟ್ಟು, ಬಟ್ಟೆ ಕಟ್ಟಿ, ಮೇಲೆ ಕಂಬಳಿ ಹೊದಿಸಿದರು. ಮೂವತ್ತು ವರ್ಷ ಊರಿನ ಕೂಸುಗಳನ್ನು ಎತ್ತಿ ತಿರುವಿ ಹಾಕಿದ ಕೈಗಳು ಈ ಕೂಸಿನ ಬೆನ್ನಿನ ಮೇಲೆ ಹೇಗೆ ಇರಬೇಕೆಂದು ತಿಳಿಯದೆ ಗಾಳಿಯಲ್ಲಿ ನಿಂತಿದ್ದವು. ಸಿಸ್ಟರೇ ಅವನ್ನು ಹಿಡಿದು ಇಟ್ಟರು. ಕೂಸು ಬಾಯಿ ಆಡಿಸಿತು, ಮೊಲೆ ಹುಡುಕಿತು, ಸಿಗದೆ ಅತ್ತಿತು. ಸೋಮವ್ವ ಅದನ್ನು ಸುಮ್ಮನಿರಿಸಲು ಹೋಗಲಿಲ್ಲ. ಆಕೆಯ ಕಣ್ಣಿನ ನೀರು ಗಲ್ಲದ ಮೇಲೆ ಇಳಿದು ಕೂಸಿನ ಟೊಪ್ಪಿಗೆಯ ಮೇಲೆ ಬಿತ್ತು. ಅದನ್ನೂ ಬೆರಳಿನಿಂದ ಬೇಗ ಒರೆಸಿದಳು.

"ಪೂನಮ, ಇದು ಉಳೀತು ಅಂದ್ರ," ಎಂದಳು, "ಅವೂ ಉಳೀತಿದ್ವು."

ನಾನು ಜಾರಿದ ಕಂಬಳಿಯನ್ನು ಆಕೆಯ ಹೆಗಲಿಗೆ ಎಳೆದು ಹೊದಿಸಿದೆ. ಸಟವಿಯ ಹೆಸರು ಹೇಳಿ ಸಮಾಧಾನ ಮಾಡಬಹುದಿತ್ತು. ಆಕೆಗೆ ಅದು ಇನ್ನು ಬೇಕಿರಲಿಲ್ಲ. ಸಿಸ್ಟರ್ ಮತ್ತೊಮ್ಮೆ ಬಂದು ಕೂಸಿನ ಪಾದ ಮುಟ್ಟಿ ನೋಡಿ, ಬೆಚ್ಚಗಿದೆ, ಅಲುಗಾಡಬೇಡಿ, ಹೀಗೇ ಕೂತಿರಿ ಎಂದು ಹೇಳಿ ಹೋದರು. ಸೋಮವ್ವ ಸಂಜೆಯವರೆಗೂ ಹಾಗೇ ಕೂತಿದ್ದಳು.